ಕೈಲಾಸದ ಹಿಂದಿನ ಮೂಲೆ

ಟಿಣ್. ಟಿಣ್ ಟಿಣ್. ಸ್ವಲ್ಪ ಬಿಟ್ಟು ಮತ್ತೊಂದು ಟಿಣ್.

ಗಾಜಿಗೆ ಗಾಜಿನ ಬಳೆ ತಗುಲಿದರೆ ಬರುವ ಸದ್ದು ಇದು. ವೈಟ್‌ಫೀಲ್ಡಿನ ಆ ಬಾಡಿಗೆ ಮನೆಯಲ್ಲಿದ್ದಷ್ಟು ಕಾಲ ನನಗೆ ಅಲಾರಂ ಬೇಕಾಗಲಿಲ್ಲ. ಹೊರಗೆ ಕಂಪನಿ ಬಸ್ಸುಗಳ ಹಾರನ್ನು, ನೀರಿನ ಟ್ಯಾಂಕರಿನವನ ರಿವರ್ಸ್ ಸಂಗೀತ, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವ ಗುಡುಗು ಎಲ್ಲ ಇದ್ದವು. ಅವಕ್ಕೆಲ್ಲ ನಾನು ಮಗ್ಗಲು ಬದಲಿಸಿ ಮಲಗುತ್ತಿದ್ದೆ. ಎಬ್ಬಿಸುತ್ತಿದ್ದುದು ಮಾತ್ರ ಈ ಸಣ್ಣ ಸದ್ದು. ನನ್ನ ಬಾಗಿಲಿನ ಆಚೆಗೆ, ಮೆಟ್ಟಿಲ ಬುಡದಲ್ಲಿ, ಮನೆಯ ಓನರ್ ರತ್ನಮ್ಮ ಮೀನಿನ ತೊಟ್ಟಿಯ ಗಾಜು ತಟ್ಟುತ್ತಿದ್ದರು. ಹಿಂದೆಯೇ ಅವರ ದನಿ: "ಬಾರೇ ಕೆಂಪಿ, ಬಾ ನನ್ನವ್ವ, ಎಲ್ಲಿ ಅವಿತ್ಕೊಂಡಿದ್ದೀಯೆ?"

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಫೋನಿನಲ್ಲಿ ಒಂದು ಜಾಹೀರಾತು ಬಂತು. ಉದ್ದ ಹಿಡಿ, ಕೊಕ್ಕರೆಯ ಹಾಗೆ ಕತ್ತು ಬಗ್ಗಿಸುವ ಬ್ರಷ್ಷು. ಕೆಳಗೆ ದೊಡ್ಡ ಅಕ್ಷರದಲ್ಲಿ, 'ಫಾರ್ ಹಾರ್ಡ್ ಟು ರೀಚ್ ಏರಿಯಾಸ್'. ಈ ವಯಸ್ಸಿನಲ್ಲಿ ನನಗೆ ನನ್ನ ಕಾಲಿನ ಉಗುರೇ ಹಾರ್ಡ್ ಟು ರೀಚ್ ಏರಿಯಾ. ಒಬ್ಬಳೇ ಕೂತು ನಕ್ಕೆ. ಆಮೇಲೆ ಆ ಬ್ರಷ್ಷಿನ ಚಿತ್ರವನ್ನೇ ನೋಡುತ್ತಾ ಕೂತೆ. ಆಗ ಇದು ಸಿಕ್ಕಿದ್ದರೆ ನಮ್ಮ ಮುದ್ದೆ ಕೋಲಿನ ಮಾನ ಉಳಿಯುತ್ತಿತ್ತಲ್ಲ ಎನಿಸಿತು.

ಮೊದಲು ಆ ತೊಟ್ಟಿಯ ಕಥೆ ಹೇಳಬೇಕು. ರತ್ನಮ್ಮನವರದು ಆ ಊರಿನ ಹಳೆಯ ಒಕ್ಕಲು ಮನೆ. ರಾಗಿ, ಕನಕಾಂಬರ ಬೆಳೆಯುತ್ತಿದ್ದ ಹೊಲದಲ್ಲಿ ಗಾಜಿನ ಆಫೀಸು ಎದ್ದ ಮೇಲೆ ಅವರ ಮಗ ಮಂಜುನಾಥ, ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳ ಕಟ್ಟಡವೊಂದನ್ನು ಎಬ್ಬಿಸಿದ. ಎಲ್ಲಕ್ಕೂ ಮೇಲಿನ ಮಹಡಿಯಲ್ಲಿ ಅವರ ಸಂಸಾರ, ಕೆಳಗೆ ನಾವು ಬಾಡಿಗೆಯವರು. ನಾನು ಸ್ಟೆನೋಗ್ರಾಫರ್ ಕೆಲಸದಿಂದ ರಿಟೈರ್ ಆಗಿದ್ದೆ. ನಮ್ಮ ಯಜಮಾನರು ತೀರಿಕೊಂಡಿದ್ದರು. ನಗರದ ನಡುವಿನ ದೊಡ್ಡ ಮನೆ ಒಬ್ಬಳಿಗೆ ಯಾಕೆಂದು ಅಲ್ಲಿಗೆ ಬಂದಿದ್ದೆ. 'ಔಟ್‌ಸ್ಕರ್ಟ್ಸ್, ಪೀಸ್‌ಫುಲ್ ಆಗಿರುತ್ತೆ' ಎಂದು ಯಾರೋ ಹೇಳಿದ್ದರು. ಹಾಗೆ ಹೇಳಿದವರು ಆ ಕಡೆ ಬಂದಿದ್ದು ಬಹುಶಃ ಪಿಕ್ನಿಕ್ಕಿಗೆ.

ಕಟ್ಟಡ ಕಟ್ಟುವಾಗ ವಾಸ್ತುವಿನವರು ಬಂದು, ಈಶಾನ್ಯ ಮೂಲೆಯಲ್ಲಿ ನೀರಿರಬೇಕು, ನೀರಿನಲ್ಲಿ ಜೀವವಿರಬೇಕು, ಲಕ್ಷ್ಮಿ ತಾನಾಗಿ ಒಳಗೆ ಬರುತ್ತಾಳೆ ಎಂದರಂತೆ. ಬೇರೆಯವರಾದರೆ ಒಂದು ಗಾಜಿನ ತೊಟ್ಟಿ ತಂದು ಮೇಜಿನ ಮೇಲೆ ಇಡುತ್ತಿದ್ದರು. ಮಂಜುನಾಥನಿಗೆ ಎಲ್ಲವೂ ಪರ್ಮನೆಂಟ್ ಆಗಬೇಕು. ಮೇಸ್ತ್ರಿ ತೊಟ್ಟಿಯನ್ನು ಗೋಡೆಯೊಳಗೇ ಕೂರಿಸಿ ಮೂರು ಕಡೆ ಸಿಮೆಂಟು ಬಳಿದ. ಮೇಲೆ ಗ್ರಾನೈಟ್ ಚಪ್ಪಡಿ ಮುಚ್ಚಿದ. ಮುಂದೆ ಮಾತ್ರ ಗಾಜು, ಗಾಜಿನ ಮೇಲೊಂದು ಕಿಂಡಿ. ಒಂದು ಕೈ, ಬಳೆ ಸಮೇತ, ಕಷ್ಟಪಟ್ಟು ತೂರಬಹುದಾದಷ್ಟು. ಸಾಲದ್ದಕ್ಕೆ ಒಳಗೆ ಉಳಿದ ಸಿಮೆಂಟಿನಲ್ಲಿ ಒಂದು ಕೈಲಾಸ ಪರ್ವತವನ್ನೂ ಮಾಡಿ, ನೆಲಕ್ಕೆ ಅಂಟಿಸಿ, ತುದಿಗೆ ಬಿಳಿ ಬಣ್ಣ ಹಚ್ಚಿದ. ಆ ಕೈಲಾಸದ ಹಿಂದೆ, ಗೋಡೆಗೂ ಬೆಟ್ಟಕ್ಕೂ ನಡುವೆ, ಒಂದು ಸಂದಿ. ಅಲ್ಲಿಗೆ ತೊಳೆಯುವವರ ಕೈ ಹೇಗೆ ಹೋಗಬೇಕು ಎಂದು ವಾಸ್ತುವಿನವರೂ ಯೋಚಿಸಲಿಲ್ಲ, ಮೇಸ್ತ್ರಿಯೂ ಯೋಚಿಸಲಿಲ್ಲ. ಏನು ಕಟ್ಟುವಾಗಲೂ ತೊಳೆಯುವವರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಅಡುಗೆಮನೆಯ ಸಿಂಕಿನ ಹಿಂದೆ ಒಮ್ಮೆ ಬಗ್ಗಿ ನೋಡಿ, ನಾನು ಹೇಳುವುದು ನಿಜ ಅನ್ನುತ್ತೀರಿ.

ನಾನು ಬರುವ ಹೊತ್ತಿಗೆ ಬಣ್ಣಬಣ್ಣದ ಮೀನುಗಳೆಲ್ಲ ಒಂದೊಂದಾಗಿ ಕೈಲಾಸವಾಸಿಗಳಾಗಿ, ಉಳಿದಿದ್ದು ಒಂದೇ ಒಂದು ಗೋಲ್ಡ್ ಫಿಶ್. ಅಂಗೈಯುದ್ದ, ಇಟ್ಟಿಗೆ ಬಣ್ಣ, ಮುಖದಲ್ಲಿ ಸದಾ ಒಂದು ಅಸಮಾಧಾನ. ಅದೇ ಕೆಂಪಿ. ಆ ಹೆಸರು ಮೊದಲು ರತ್ನಮ್ಮನ ಕೊನೆಯ ಹಸುವಿನದಾಗಿತ್ತು. ಕೊಟ್ಟಿಗೆ ಒಡೆಯುವಾಗ ಆ ಹಸುವನ್ನು ಆನೇಕಲ್ ಕಡೆ ಕೊಟ್ಟಿದ್ದ ಮಗಳ ಮನೆಗೆ ಅಟ್ಟಿದ್ದರು. ಅದು ನಿಲ್ಲುತ್ತಿದ್ದ ಜಾಗದಲ್ಲೇ ಈಗ ಈ ತೊಟ್ಟಿ. ರತ್ನಮ್ಮ ಬೆಳಗಾದರೆ ಅಲ್ಲಿಗೆ ಬಂದು ನಿಲ್ಲುವುದನ್ನು ಬಿಡಲಿಲ್ಲ. ಹಿಂಡಿಯ ಬದಲು ಪುರಿ ತರುತ್ತಿದ್ದರು, ಅಷ್ಟೇ. ಗಾಜು ತಟ್ಟುವುದು, ಕಿಂಡಿಯಲ್ಲಿ ಕೈ ಇಳಿಸುವುದು, ಕೆಂಪಿ ಕೈಲಾಸದ ಹಿಂದಿನಿಂದ ತೇಲಿ ಬಂದು ಬೆರಳಿನಿಂದಲೇ ಪುರಿ ಕಿತ್ತುಕೊಳ್ಳುವುದು. ನಾನು ಒಮ್ಮೆ, "ಗಾಜು ತಟ್ಟಬಾರದಂತೆ ರತ್ನಮ್ಮನೋರೆ, ಮೀನಿಗೆ ಗಾಬರಿಯಾಗುತ್ತಂತೆ. ಇಂಗ್ಲಿಷ್ ಪುಸ್ತಕದಲ್ಲಿ ಬರೆದಿದ್ದಾರೆ" ಎಂದೆ.

"ಅದ್ಕೆ ಇಂಗ್ಲೀಸ್ ಬರಕಿಲ್ಲ ಬುಡಿ ಮೇಡಮ್ಮ" ಎಂದರು ರತ್ನಮ್ಮ.

ನನ್ನನ್ನು ಅವರು ಕರೆಯುತ್ತಿದ್ದುದು ಹಾಗೆ, ಮೇಡಮ್ಮ ಎಂದು. ಅರ್ಧ ಆಫೀಸು, ಅರ್ಧ ಅಕ್ಕರೆ.

ತೊಂದರೆ ಶುರುವಾಗಿದ್ದು ಆ ಸಂದಿಯಿಂದ. ಬೀದಿ ಕಡೆಯ ವೆಂಟಿಲೇಟರಿನಿಂದ ಬಿಸಿಲು ಬೀಳುತ್ತಿತ್ತು. ಕೈಲಾಸದ ಹಿಂದೆ ಪಾಚಿ ಕಟ್ಟಿತು. ಮೊದಲು ಹಸಿರು, ಆಮೇಲೆ ಕಪ್ಪು. ಬೋರ್‌ವೆಲ್ ನೀರಿನ ಬಿಳಿ ಕರೆ ಬೇರೆ. ಪುರಿಯ ಚೂರೆಲ್ಲ ಅಲ್ಲೇ ಹೋಗಿ ಕೊಳೆಯುತ್ತಿತ್ತು. ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗಿಯರು ಮೂಗಿಗೆ ಕರ್ಚೀಫ್ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಒಂದು ದಿನ ಮಂಜುನಾಥ ಲಾಬಿಯಲ್ಲಿ ನಿಂತು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ: "ಅಮ್ಮಾ, ಇನ್ನೊಂದ್ಸಲ ಯಾರಾದ್ರೂ ವಾಸನೆ ಅಂದ್ರೆ ನೋಡು, ಇದನ್ನ ಕಾಂಕ್ರೀಟ್ ಹಾಕಿ ಮುಚ್ಚಿಸ್ಬಿಡ್ತೀನಿ. ಆಮೇಲೆ ನನ್ನ ಬೈಬೇಡ."

ಅವತ್ತೇ ರತ್ನಮ್ಮ ನನ್ನ ಬಾಗಿಲಿಗೆ ಬಂದರು. "ಮೇಡಮ್ಮ, ಆ ಮೂಲೆ ತೊಳಿಯಾಕೆ ಏನಾರ ಉಪಾಯ ಏಳಿ. ಇಲ್ದಿದ್ರೆ ಇವ್ನು ಕೆಂಪಿನ ಬೀದಿಗಾಕ್ತಾನೆ. ಒಂದ್ ಸಲ ಕೊಟ್ಟಿಗೆ ಬುಟ್ಕೊಟ್ಟೆ. ಇನ್ನೊಂದ್ ಸಲ ಬುಡಾಕಿಲ್ಲ."

ಮೂಲೆ ಎಂದ ಕೂಡಲೇ ನನಗೆ ಸಿಸ್ಟರ್ ಫಿಲೋಮಿನಾ ನೆನಪಾದರು. ನಮ್ಮ ಕಾನ್ವೆಂಟಿನಲ್ಲಿ ಶುಕ್ರವಾರ ಮಧ್ಯಾಹ್ನ ಇನ್‌ಸ್ಪೆಕ್ಷನ್. ಸಿಸ್ಟರ್ ಬಿಳಿ ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಡೆಸ್ಕಿನ ಒಳಮೂಲೆ, ಕಿಟಕಿಯ ಚಿಲಕದ ಹಿಂದೆ, ನಮ್ಮ ಕಿವಿಯ ಹಿಂದೆ, ಹೀಗೆ ಒರೆಸಿ ನೋಡುತ್ತಿದ್ದರು. ನಡುಭಾಗವನ್ನು ಯಾರು ಬೇಕಾದರೂ ಗುಡಿಸಬಹುದು ಗರ್ಲ್ಸ್, ಮೂಲೆ ಗುಡಿಸುವವಳೇ ಲೇಡಿ, ಎನ್ನುವುದು ಅವರ ಪಾಠ. ನನ್ನ ಕಿವಿಯ ಹಿಂದೆ ಪ್ರತಿ ವಾರ ಏನಾದರೊಂದು ಸಿಗುತ್ತಿತ್ತು. ಲೇಡಿಯಾಗುವ ಅವಕಾಶ ಹಾಗೆ ತಪ್ಪಿಹೋಗಿತ್ತು. ಅರವತ್ತು ದಾಟಿದ ಮೇಲೆ ವೈಟ್‌ಫೀಲ್ಡಿನಲ್ಲಿ ಮತ್ತೆ ಸಿಕ್ಕಿತು. "ಲೀವ್ ಇಟ್ ಟು ಮಿ ರತ್ನಮ್ಮನೋರೆ" ಎಂದುಬಿಟ್ಟೆ.

ನನ್ನ ಮೊದಲ ಸಾಹಸ ಮ್ಯಾಗ್ನೆಟ್. ಮೀನಿನ ಅಂಗಡಿಯವನು ಹುರುಪಿನಿಂದ ಕೊಟ್ಟ. ಒಂದು ತುಂಡು ತೊಟ್ಟಿಯ ಒಳಗೆ, ಇನ್ನೊಂದು ಹೊರಗೆ. ಹೊರಗಿನದನ್ನು ಎಳೆದರೆ ಒಳಗಿನದು ತಾನೇ ಬಂದು ಗಾಜು ಉಜ್ಜುತ್ತದೆ. ವೆರಿ ಕ್ಲೆವರ್. ಮನೆಗೆ ಬಂದ ಮೇಲೆ ತಿಳಿಯಿತು, ನಮ್ಮ ತೊಟ್ಟಿಗೆ ಹೊರಗೆ ಎಂಬುದೇ ಇಲ್ಲ. ಮೂರು ಕಡೆ ಗೋಡೆ. ಮುಂದಿನ ಗಾಜು ಕನ್ನಡಿಯಂತಾಯಿತು, ಹಿಂದಿನ ಕೊಳೆ ಇನ್ನೂ ಚೆನ್ನಾಗಿ ಕಾಣತೊಡಗಿತು.

ಆಮೇಲೆ ಪಾಚಿ ತಿನ್ನುವ ಮೀನು. ಕಪ್ಪಗೆ, ಚುಕ್ಕೆಚುಕ್ಕೆಯಾಗಿ, ಬಾಯಿಂದ ಗೋಡೆಗೆ ಅಂಟಿಕೊಳ್ಳುವ ಜಾತಿ. ಅಂಗಡಿಯಲ್ಲಿ ಅದರ ಹೆಸರೇ 'ಟ್ಯಾಂಕ್ ಕ್ಲೀನರ್'. ನಮ್ಮ ಟ್ಯಾಂಕ್ ಕ್ಲೀನರ್ ಬಂದ ದಿನವೇ ಕೈಲಾಸದ ಬುಡದಲ್ಲಿ ಮಲಗಿತು. ಪಾಚಿ ಮುಟ್ಟಲಿಲ್ಲ. ಕೆಂಪಿಯ ಪುರಿ ತಿಂದು ದಪ್ಪಗಾಯಿತು. "ಗೌರ್ಮೆಂಟ್ ಕೆಲ್ಸ ಸಿಕ್ಕಿರಂಗೈತೆ ಇದ್ಕೆ" ಎಂದರು ರತ್ನಮ್ಮ. ನಾನು ಸರ್ಕಾರಿ ಪೆನ್ಷನ್‌ದಾರಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಲಗಿದ್ದಲ್ಲೇ ಬಲೆಯಲ್ಲಿ ಎತ್ತಿ ಅಂಗಡಿಗೆ ವಾಪಸ್ ಕೊಟ್ಟೆವು.

ಮುಂದೆ ರಬ್ಬರ್ ಪೈಪು. ಒಂದು ತುದಿ ತೊಟ್ಟಿಯ ಸಂದಿಗೆ, ಇನ್ನೊಂದು ತುದಿ ಬಾಯಿಗೆ. ಉಸಿರೆಳೆದರೆ ನೀರು ಹತ್ತಿ ಬರುತ್ತದೆ, ಬರುವಷ್ಟರಲ್ಲಿ ಪೈಪನ್ನು ಬಕೆಟ್ಟಿಗೆ ಬಿಡಬೇಕು. ರತ್ನಮ್ಮನ ಬಾಯಲ್ಲಿ ಎಲೆಯಡಿಕೆ. ಹಾಗಾಗಿ ಎಳೆಯುವ ಕೆಲಸ ನನ್ನದು. ಚೆನ್ನಾಗಿಯೇ ಎಳೆದೆ. ಕೈಲಾಸದ ತೀರ್ಥ ಗಂಟಲಿನವರೆಗೆ ಬಂತು. ಆ ರುಚಿಯನ್ನು ವರ್ಣಿಸಲು ನನ್ನ ಎರಡು ಭಾಷೆಗಳಲ್ಲೂ ಪದವಿಲ್ಲ. ನಾನು ಗೇಟಿನ ಹತ್ತಿರ ಉಗಿಯುತ್ತಿದ್ದರೆ, ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ರತ್ನಮ್ಮನ ಯಜಮಾನರು ಮುನಿಯಪ್ಪ ಗಂಭೀರವಾಗಿ ಕೇಳಿದರು: "ಏನಮ್ಮಾ, ಉಪ್ಪು ಕಮ್ಮಿಯಾ?"

ಪೈಪಿನಿಂದ ಸಡಿಲ ಕೊಳೆ ಬಂತು. ಅಂಟಿದ ಪಾಚಿ ಅಲ್ಲೇ ಇತ್ತು. ಅದನ್ನು ಉಜ್ಜಬೇಕು. ಉಜ್ಜಲು ಉದ್ದವಾದ, ಗಟ್ಟಿಯಾದ, ನೀರಿಗೆ ಕೆಡದ ಏನಾದರೂ ಬೇಕು. ಇಲ್ಲಿ ನಮ್ಮಿಬ್ಬರ ವಿದ್ಯೆಯೂ ಒಂದಾಯಿತು ನೋಡಿ. ರತ್ನಮ್ಮ ಒಣಗಿದ ತುಪ್ಪದ ಹೀರೇಕಾಯಿಯ ನಾರು ತಂದರು. ಹಿಂದೆ ಹಸು ತಿಕ್ಕಲು ಇಟ್ಟುಕೊಂಡಿದ್ದು. ಅದನ್ನು ಕೋಲಿಗೆ ಅಡ್ಡಡ್ಡವಾಗಿ, ಸುತ್ತಿಗೆಯ ತಲೆಯ ಹಾಗೆ ಕಟ್ಟಲು ನಾನು ನನ್ನ ಹಳೆಯ ನೈಲಾನ್ ಸ್ಟಾಕಿಂಗ್ಸ್ ತ್ಯಾಗ ಮಾಡಿದೆ. ಕೋಲು? ರತ್ನಮ್ಮ ಮೇಲೆ ಹೋಗಿ ಸೆರಗಿನಡಿ ಏನೋ ಮುಚ್ಚಿಕೊಂಡು ಬಂದರು. ಮುದ್ದೆ ತಿರುವುವ ಕೋಲು. ಹೊಂಗೆ ಮರದ್ದು, ಅವರ ಅತ್ತೆಯ ಕಾಲದ್ದು, ಕೈ ತಗುಲಿ ತಗುಲಿ ನುಣ್ಣಗಾಗಿತ್ತು.

"ಅಡುಗೆಯ ಕೋಲಲ್ವಾ?" ಎಂದೆ.

"ತೊಳ್ದು ಇಟ್ರಾಯ್ತು. ಸಿಲ್ಪಂಗೆ ಯಾಕೆ ಏಳೋದು?" ಶಿಲ್ಪ ಅವರ ಸೊಸೆ.

ಕೆಲಸ ಎಂಥ ಸೊಗಸಾಗಿ ಆಯಿತು ಅಂತೀರಿ! ಆ ನಾರಿನ ಸುತ್ತಿಗೆ ಕೈಲಾಸದ ಹೆಗಲು ಬಳಸಿ ಹಿಂದಕ್ಕೆ ಹೋಗಿ, ಕರಕರ ಎಂದು ಕೆರೆದು, ಹಸಿರು ಹಸಿರು ಚಿಂದಿಯನ್ನು ಮೇಲೆಬ್ಬಿಸಿತು. ರತ್ನಮ್ಮ ಕಿಂಡಿಯಲ್ಲಿ ಕೈ ಇಳಿಸಿ ಉಜ್ಜುವುದು, ನಾನು ಟಾರ್ಚ್ ಹಿಡಿದು "ಲೆಫ್ಟ್, ಲೆಫ್ಟ್, ಇನ್ನೂ ಒಳಗೆ" ಎನ್ನುವುದು. ಸಂಜೆಯ ಹೊತ್ತಿಗೆ ಸಂದಿಯ ಗೋಡೆ ಕಂಡಿತು. ಅದರ ಬಣ್ಣ ತಿಳಿನೀಲಿ ಎಂದು ಆವತ್ತೇ ನಮಗೆ ಗೊತ್ತಾದದ್ದು. ಸಿಸ್ಟರ್ ಫಿಲೋಮಿನಾ ಕರವಸ್ತ್ರ ಹಿಡಿದು ಬಂದಿದ್ದರೂ ಏನೂ ಸಿಗುತ್ತಿರಲಿಲ್ಲ.

ಆ ದಿನ ಸೋಮವಾರ. ಒಕ್ಕಲು ಮನೆಯಲ್ಲಿ ಸೋಮವಾರವೆಂದರೆ ಶಿವನ ವಾರ, ಮೀನು ಮಾಂಸದ ಮಾತೇ ಇಲ್ಲ. ನಮ್ಮಿಬ್ಬರಿಗೂ ಅದರ ಕಡೆ ಗಮನವಿರಲಿಲ್ಲ. ರತ್ನಮ್ಮ ಕೋಲನ್ನು ಸೋಪು ಹಾಕಿ ತೊಳೆದು, ಇದ್ದ ಜಾಗದಲ್ಲಿ ಇಟ್ಟು ಬಂದರು. ಮುದ್ದೆ ಕೋಲು ಎನ್ನುವುದು ನೀರು ಕುಡಿಯುವ ಮರ. ಕುದಿಯುವ ಹಿಟ್ಟಿಗೆ ಇಳಿದ ಕೂಡಲೇ ತಾನು ಕುಡಿದದ್ದನ್ನೆಲ್ಲ ಒಪ್ಪಿಸಿಬಿಟ್ಟಿತು. ರಾತ್ರಿ ಊಟದ ಹೊತ್ತಿಗೆ ಮೇಲಿನಿಂದ ಮಂಜುನಾಥನ ಕೂಗು ನನ್ನ ಮನೆಯವರೆಗೆ ಕೇಳಿಸಿತು.

"ಏನೇ ಶಿಲ್ಪಾ ಇದು? ಸೋಮವಾರ ಕಣೇ! ಅವರೆಕಾಳು ಸಾರಲ್ಲಿ ಮೀನ್ ವಾಸನೆ!"

"ಸಾರಲ್ಲ ರೀ, ಮುದ್ದೆ. ಮುದ್ದೆಲೇ ಬರ್ತೈತೆ. ಅತ್ತೆ, ನೀವೇ ಮೂಸಿ ನೋಡಿ."

ರತ್ನಮ್ಮ ಮೂಸಿದರೋ ಇಲ್ಲವೋ ತಿಳಿಯದು. ಮುನಿಯಪ್ಪನವರ ದನಿ ಮಾತ್ರ ಸ್ಪಷ್ಟವಾಗಿ ಇಳಿದುಬಂತು: "ಚೆಂದಾಗೈತೆ. ಇನ್ನೊಂದ್ ಮುದ್ದೆ ಇಕ್ಕವ್ವ."

ಮಾರನೆಯ ದಿನ ವಿಚಾರಣೆ ನಡೆಯಿತು. ಶಿಲ್ಪ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಮಂಜುನಾಥ ನನ್ನ ಕಡೆ ತಿರುಗಿ, "ಆಂಟಿ, ನೀವು ಎಜುಕೇಟೆಡ್ಡು. ನೀವೂ ಸೇರ್ಕೊಂಡ್ರಾ?" ಎಂದ. ನಾನು ಅಡುಗೆಮನೆಗೆ ಹೊಸ ಕೋಲು ತಂದುಕೊಟ್ಟೆ. ಹಳೆಯದಕ್ಕೆ ಕೆಂಪಿ ಕೋಲು ಎಂದು ಹೆಸರಾಯಿತು. ಅದು ನನ್ನ ಬಾಗಿಲ ಹಿಂದೆ ನಿಂತಿತು. ಅಲ್ಲಿಂದ ಮುಂದೆ ಶನಿವಾರ ಶನಿವಾರ ನಮ್ಮ ಕೈಲಾಸ ಯಾತ್ರೆ. ತೊಟ್ಟಿ ಎಷ್ಟು ಚೊಕ್ಕವಾಯಿತೆಂದರೆ ಮೂಗು ಮುಚ್ಚುತ್ತಿದ್ದ ಅದೇ ಹುಡುಗಿಯರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಂಜುನಾಥನೂ ಸುಮ್ಮನಾದ. ನಾಲ್ಕಾರು ವರ್ಷ ಹೀಗೇ ಚೆನ್ನಾಗಿ ನಡೆಯಿತು. ಉಜ್ಜಿ ಉಜ್ಜಿ ರತ್ನಮ್ಮನ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೇಳದು. ಎಡಗೈ ತೂರಿಸಲು ಸ್ಟೂಲು ಹತ್ತಿದರೆ ಗೋಡೆ ಹಿಡಿದುಕೊಳ್ಳಲು ಬಲಗೈ ಬರದು. ಕೆಂಪಿ ಕೋಲು ನನ್ನ ಕೈಗೆ ಬಂತು, ಟಾರ್ಚ್ ಅವರ ಕೈಗೆ. "ಲೆಪ್ಟು ಲೆಪ್ಟು" ಎಂದು ಅವರು ನನ್ನನ್ನು ಆಳತೊಡಗಿದರು. ಕಿಂಡಿಯಿಂದ ಪುರಿ ಉದುರಿಸುವುದೂ ನನಗೇ ಬಂತು. ಅದಕ್ಕೆ ಕೆಂಪಿ ಬರುತ್ತಿರಲಿಲ್ಲ. ನನ್ನ ಕೈ ಹೊರಗೆ ಹೋದ ಮೇಲೆ ಬಂದು ತಿನ್ನುತ್ತಿತ್ತು.

ಆಮೇಲೆ ಬಂತು ಎ.ಟಿ.ಎಂ. ಯಾವುದೋ ಬ್ಯಾಂಕಿನವರಿಗೆ ಬೀದಿ ಕಡೆಯ ಆ ಮೂಲೆಯೇ ಬೇಕಾಯಿತು. ಗೋಡೆ ಒಡೆದು ಬಾಗಿಲಿಟ್ಟು, ತೊಟ್ಟಿ ಇದ್ದ ಕಡೆ ಮಷೀನು.

"ಈಶಾನ್ಯ ಕಣೋ ಮಂಜ, ನೀರು ಇರ್ಬೇಕು ಅಂದೋನು ನೀನೇ ಅಲ್ವೇನೋ" ಎಂದರು ರತ್ನಮ್ಮ.

"ಅಮ್ಮಾ, ಲಕ್ಷ್ಮಿ ಬರ್ಲಿ ಅಂತ ತಾನೇ ಮೀನು ಇಟ್ಟಿದ್ದು? ಈಗ ಅವಳೇ ಮಷೀನ್ ಎತ್ಕೊಂಡು ಬರ್ತಾವ್ಳೆ. ಬೇಡ ಅನ್ನಕ್ಕಾಗುತ್ತಾ?"

ಪಾಪ, ಅವನು ಕೆಟ್ಟವನೇನಲ್ಲ. "ಮೀನನ್ನ ಹಿಡ್ಕೊಳ್ಳಿ, ಎಲ್ಲಿ ಬೇಕಾದ್ರೂ ಸಾಕಿ. ಒಡೆಯೋರು ಬುಧವಾರ ಬರ್ತಾರೆ" ಎಂದ. ಹಿಡಿಯುವುದು ಎಂದರೆ ಅಷ್ಟು ಸುಲಭವೇ? ಕಿಂಡಿಯಲ್ಲಿ ಬಲೆ ತೂರಿದರೆ ಕೆಂಪಿ ಕೈಲಾಸದ ಹಿಂದೆ. ನೀರು ಬಸಿದರೂ ಅದೇ ಸಂದಿಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತದೆ, ಕೈ ನಿಲುಕುವುದಿಲ್ಲ. ಸುತ್ತಿಗೆ ಬಿದ್ದರೆ ಸಿಮೆಂಟಿನ ಬೆಟ್ಟ ಮೊದಲು ಅದರ ಮೇಲೆಯೇ. ಇಷ್ಟು ವರ್ಷ ನಾವು ಗುದ್ದಾಡಿ ಗೆದ್ದ ಮೂಲೆ ಈಗ ಅದರ ಕೋಟೆಯಾಗಿ ಕೂತಿತ್ತು.

ಮಂಗಳವಾರ ಬೆಳಿಗ್ಗೆ ನಾನು ಸ್ಟೂಲು ಹತ್ತಿದೆ. ಅಂಗೈಯಲ್ಲಿ ಕಾಫಿ ಸೋಸುವ ಬಟ್ಟೆ ಹರಡಿ, ಹೆಬ್ಬೆರಳಿನ ಕೆಳಗೆ ಪುರಿ ಒತ್ತಿ ಹಿಡಿದು ಕೈ ಇಳಿಸಿದೆ. ಅದು ತಿನ್ನಲು ಬಂದಾಗ ಬಟ್ಟೆ ಸಮೇತ ಎತ್ತುವುದೆಂದು ಪ್ಲಾನ್. ಕೆಳಗಿನಿಂದ ರತ್ನಮ್ಮ ಎಡಗೈಯಲ್ಲಿ ಗಾಜು ತಟ್ಟಿದರು. ಟಿಣ್ ಟಿಣ್. ಕೆಂಪಿ ಹೊರಬಂತು, ನನ್ನ ಕೈ ನೋಡಿತು, ತಿರುಗಿ ಒಳಗೆ ಹೋಯಿತು. ಮತ್ತೆ ತಟ್ಟಿದರು. ಮತ್ತೆ ಅದೇ.

"ಬೋಳು ಕೈ ನೋಡಿ ಎದ್ರುಕೊಂತದೆ" ಎಂದರು ರತ್ನಮ್ಮ. ಎಂದವರೇ ನಾಲಿಗೆ ಕಚ್ಚಿಕೊಂಡರು.

ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಥ ಶಾಸ್ತ್ರಗಳನ್ನೆಲ್ಲ ನಂಬುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು. ಆದರೂ ಯಜಮಾನರು ಹೋದ ಮೇಲೆ ನಾನು ಗಾಜಿನ ಬಳೆ ತೊಟ್ಟಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಬಳೆಯಂಗಡಿಯ ಮುಂದೆ ನನ್ನ ಕಾಲು ತಾನಾಗಿ ಬೇಗ ಬೇಗ ನಡೆಯುತ್ತಿತ್ತು, ಅಷ್ಟೇ. ಕೈಗೆ ವಾಚು ಕಟ್ಟಿಕೊಂಡು, ಇದೇ ಪ್ರಾಕ್ಟಿಕಲ್ ಎಂದುಕೊಂಡಿದ್ದೆ.

ರತ್ನಮ್ಮ ನನ್ನ ಮನೆಯೊಳಗೆ ಹೋದರು. ಬಚ್ಚಲಲ್ಲಿ ನೀರು ಬಿಟ್ಟ ಸದ್ದಾಯಿತು. ಬಲಗೈಗೆ ಸೋಪು ಹಚ್ಚಿ, ಹಸಿರು ಬಳೆಗಳಲ್ಲಿ ಎರಡನ್ನು ಉಳಿಸಿಕೊಂಡು, ಮಿಕ್ಕವನ್ನೆಲ್ಲ ತೆಗೆದು ತಂದರು. ಅವು ಇನ್ನೂ ಒದ್ದೆಯಾಗಿದ್ದವು.

"ನೀಡಿ ಕೈನ."

"ರತ್ನಮ್ಮನೋರೆ, ನೋಡಿದವರು ಏನಂತಾರೆ?"

"ನೋಡೋದು ಕೆಂಪಿ. ಅದ್ಕೆ ಸಾಸ್ತ್ರ ಗೊತ್ತಿಲ್ಲ. ನೀಡಿ ಅಂದೆ."

ಅವರು ಬಳೆಗಾರ್ತಿಯ ಹಾಗೆ ನನ್ನ ಬೆರಳುಗಳನ್ನು ಮಡಿಸಿ ಒತ್ತಿ, ಒಂದೊಂದನ್ನೇ ಏರಿಸಿದರು. ವಾಚು ಬಿಚ್ಚಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಮತ್ತೆ ಸ್ಟೂಲು ಹತ್ತಿ ಕೈ ಇಳಿಸಿದೆ. ನೀರಿನೊಳಗೆ ಬಳೆಗಳು ಒಂದಕ್ಕೊಂದು ತಾಕಿ ಸಣ್ಣಗೆ ನುಡಿದವು. ಕೆಂಪಿ ಕೈಲಾಸದ ಹಿಂದಿನಿಂದ ಮೂತಿ ಚಾಚಿತು. ಬಂತು. ಬಳೆಗೆ ಒಮ್ಮೆ ಮೂತಿ ತಾಗಿಸಿ, ಹೆಬ್ಬೆರಳಿನ ಕೆಳಗಿನ ಪುರಿಗೆ ಬಾಯಿಟ್ಟಿತು. ಆ ಸಣ್ಣ ಬಾಯಿ ನನ್ನ ಅಂಗೈಯನ್ನು ಜಗ್ಗಿತು. ಮೆಲ್ಲಗೆ ಬಟ್ಟೆ ಮಡಿಸಿ ಎತ್ತಿದೆ. ಕೆಳಗೆ ರತ್ನಮ್ಮ ನೀರು ತುಂಬಿದ ಹಾಲಿನ ಕ್ಯಾನು ಇಟ್ಟಿದ್ದರು. ಹಸುವಿನ ಕಾಲದ್ದೇ ಕ್ಯಾನು. ದೊಪ್ಪನೆ ಕೆಂಪಿ ಅದರೊಳಗೆ ಬಿತ್ತು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಸ್ಕೂಲು ಹುಡುಗಿಯರ ಹಾಗೆ ನಕ್ಕೆವು.

"ನಿಮ್ಮ ಬಳೆ" ಎಂದು ತೆಗೆಯಲು ಹೋದೆ.

"ಇರ್ಲಿ ಬುಡಿ. ಮತ್ತೆ ಸೋಪ್ ಆಕಿ ಒದ್ದಾಡೋರು ಯಾರು?" ಎಂದು ವಾಚನ್ನು ಮಾತ್ರ ವಾಪಸ್ ಕೊಟ್ಟರು.

ಕೆಂಪಿಗೆ ಆನೇಕಲ್ಲಿನ ಮಗಳ ಮನೆಯೆಂದು ತೀರ್ಮಾನವಾಯಿತು. ಅಲ್ಲಿ ಹಿತ್ತಲಲ್ಲಿ ದನಕ್ಕೆ ನೀರಿಡುವ ದೊಡ್ಡ ಕಲ್ಲುಬಾನಿ ಇದೆಯಂತೆ. "ಗುಂಡಗೈತೆ ಮೇಡಮ್ಮ. ಮೂಲೇನೇ ಇಲ್ಲ. ನಿಮ್ಮ ಕೋಲಿಗೆ ಕೆಲ್ಸ ಇಲ್ಲ." ನಾಲ್ಕು ದಿನ ಇದ್ದು ಬರುತ್ತೇನೆಂದು ಹೊರಟರು. ಅಲ್ಲಿ ಹಸು ಕೆಂಪಿಯ ಮೊಮ್ಮಗಳು ಕರು ಹಾಕಿತು, ಮಗಳಿಗೆ ಕೈಯಾಸರೆ ಬೇಕಾಯಿತು, ಮುನಿಯಪ್ಪನವರೂ ತಮ್ಮ ಕುರ್ಚಿ ಸಮೇತ ಅಲ್ಲಿಗೇ ಹೋದರು. ಫೋನಿನಲ್ಲಿ "ಬನ್ನಿ ಮೇಡಮ್ಮ, ಕೆಂಪಿ ಕೇಳ್ತದೆ" ಎನ್ನುತ್ತಿದ್ದರು. ಹೋಗಬೇಕು, ಹೋಗಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಮಂಡಿ ಕೆಟ್ಟಿತು, ನಾನು ಅಕ್ಕನ ಮಗಳ ಫ್ಲ್ಯಾಟಿಗೆ ಬಂದೆ, ಅವರ ನಂಬರ್ ಬದಲಾಯಿತು. ಕೆಂಪಿ ಕೋಲು ಇಲ್ಲಿಯೂ ನನ್ನ ಬಾಗಿಲ ಹಿಂದೆ ಇದೆ. ಆ ಜಾಹೀರಾತಿನ ಬ್ರಷ್ಷು ನಾನು ತರಿಸಲಿಲ್ಲ.

ಹಾಗಾಗಿ ರತ್ನಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಆ ಮಂಗಳವಾರ ಮಧ್ಯಾಹ್ನ, ಗೇಟಿನ ಮುಂದೆ. ತರಕಾರಿ ಸಾಗಿಸುವ ಪುಟ್ಟ ಟೆಂಪೋದಲ್ಲಿ, ಡ್ರೈವರಿನ ಪಕ್ಕ, ತೊಡೆಗಳ ನಡುವೆ ಕ್ಯಾನು ಇಟ್ಟುಕೊಂಡು ಕೂತಿದ್ದರು. ದಾರಿಯ ಗುಂಡಿಗಳಿಗೆ ಕೆಂಪಿ ಹೆದರಬಾರದೆಂದು ಬಲಗೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಬಿಟ್ಟಿದ್ದರು. ಎಡಗೈಯಲ್ಲಿ ಕ್ಯಾನಿನ ಕತ್ತು ಹಿಡಿದಿದ್ದರು. ಹಾಗಾಗಿ ಟೆಂಪೋ ಹೊರಟಾಗ ಅವರಿಂದ ಕೈ ಬೀಸಲಾಗಲಿಲ್ಲ. ತಲೆ ಮಾತ್ರ ಆಡಿಸಿದರು. ಬೀಸಿದ್ದು ನಾನು. ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಕ್ಯಾನಿನೊಳಗಿದ್ದ ಕೆಂಪಿ ಆಗ ಯಾವ ಕಡೆ ತಿರುಗಿತೋ, ದೇವರೇ ಬಲ್ಲ.